ಮೂರು ಪಾಲು

ಹೆಸ್ಟರ್ ಹಾಲಿನ ಕ್ಯಾನಿಗೆ ಚಮಚ ಅದ್ದಿ ಕಿಟಕಿಯ ಬೆಳಕಿಗೆ ಎತ್ತಿದಳು. ಅಪ್ಪನನ್ನು ಮಣ್ಣು ಮಾಡಿ ಬಂದು ಇನ್ನೂ ಟೋಪಿ ತೆಗೆದಿರಲಿಲ್ಲ. ಹಾಲಿನ ಬಣ್ಣವೇನೋ ಬೆಣ್ಣೆಯಂತೆ ಹಳದಿ. ಚಮಚಕ್ಕೆ ಮಾತ್ರ ಅಂಟಲಿಲ್ಲ.

"ಪಾಸ್ಕ್ ಕಳ್ಸಿದ್ದು ಕಣಮ್ಮ, ಚಹಾಕ್ಕಿರ್ಲಿ ಅಂತ, ಪುಕ್ಕಟೆ," ಎಂದಳು ಪಕ್ಕದ ಮನೆಯ ಬಡ್ ಅಜ್ಜಿ, ಹ್ಯಾಮ್ ಕತ್ತರಿಸುತ್ತ.

"ಸಾವಿನ ಮನೆಗೂ ನೀರು ಬೆರೆಸಿದಾನೆ ಅಜ್ಜಿ."

"ಹುಟ್ಟುಗುಣ ಸುಟ್ರೂ ಹೋಗಲ್ಲ ಮಗಳೇ."

ಹೊರಕೋಣೆಯಿಂದ ಹಾಲಿನ ಅಂಗಡಿಯ ಪಾಸ್ಕ್‌ನ ದನಿ ಕೇಳುತ್ತಿತ್ತು. "ಟ್ರ್ಯಾಂಟರ್ ಅಂದ್ರೆ ಅಪ್ಪಟ ಮನುಷ್ಯ. ನನ್ನ ಕೋರ್ಟಿಗೆ ಎಳೆದ್ರು, ನಿಜ. ನಾನೇನೂ ಮನಸಲ್ಲಿ ಇಟ್ಕೊಂಡಿಲ್ಲ."

ಹೆಸ್ಟರಳ ಮೈ ಉರಿಯಿತು. ಕದ್ದವನೇ ಕ್ಷಮಿಸಿದ್ದೇನೆ ಎಂದರೆ ಕೇಳಿಕೊಂಡಿರಬೇಕೇ?

*

ಹೆಸ್ಟರಳ ಅಪ್ಪ, ಆಹಾರ ಇನ್ಸ್‌ಪೆಕ್ಟರ್ ಟ್ರ್ಯಾಂಟರನ ಮುಖ ಲಂಡನ್ನಿನ ಆ ಓಣಿಗಳಲ್ಲಿ ಎಲ್ಲರಿಗೂ ಗೊತ್ತು. ಅವನು ಬಂದರೆ ಅಂಗಡಿಯವರು ಒಳ್ಳೆಯ ಹಾಲನ್ನೇ ಅಳೆಯುತ್ತಿದ್ದರು. ಹಾಗಾಗಿ ಕೊಳ್ಳಲು ಹೋಗುತ್ತಿದ್ದವಳು ಮಗಳು, ಹಳೆಯ ಶಾಲು ಹೊದ್ದು. ಕೊಂಡ ಕೂಡಲೇ ಅಲ್ಲೇ ಒಂದು ಮಾತು ಹೇಳಬೇಕು: ಪರೀಕ್ಷೆಗೆ ಕಳಿಸುತ್ತೇನೆ, ನಿಮ್ಮೆದುರೇ ಮೂರು ಪಾಲು ಮಾಡುತ್ತೇನೆ, ಒಂದು ನಿಮಗೆ. ಉಳಿದೆರಡು ಪಾಲು ಪರೀಕ್ಷಕನಿಗೂ ಕೋರ್ಟಿಗೂ. ಆ ಮಾತಿಲ್ಲದಿದ್ದರೆ ಕೇಸಿಲ್ಲ.

ಹನ್ನೊಂದು ವರ್ಷದ ಹಿಂದೆ ಬಡ್ ಅಜ್ಜಿಯ ಮೊಮ್ಮಗು ಪಾಸ್ಕ್‌ನ ಹಾಲನ್ನೇ ಕುಡಿದು ಸೊರಗಿ ಸತ್ತಿತು. ಅದೇ ವಾರ ಹೆಸ್ಟರ್ ಅವನ ಅಂಗಡಿಗೆ ಹೋದಳು. ಸಿಟ್ಟಿನಲ್ಲಿ ಆ ಮಾತು ಹೇಳದೆಯೇ ಜಗ್ ಹಿಡಿದು ಮನೆಗೆ ಓಡಿ ಬಂದಳು. ಹಾಲಿನಲ್ಲಿ ಕಾಲುಭಾಗ ನೀರಿತ್ತು. ಕೇಸು ವಜಾ ಆಯಿತು, ಪಾಸ್ಕ್ ಕೋರ್ಟಿನ ಮೆಟ್ಟಿಲ ಮೇಲೇ ನಕ್ಕ.

"ಮುಂದಿನ ಸಲ ಹೇಳ್ತೀಯ ಬಿಡು ಮಗಳೇ," ಎಂದಿದ್ದ ಅಪ್ಪ.

ಮುಂದಿನ ಸಲ ಬರಲೇ ಇಲ್ಲ. ನಗರಸಭೆಗೆ ಆರಿಸಿ ಬಂದ ಪಾಸ್ಕ್, ಅಪ್ಪನನ್ನು ಹಾಲಿನ ತಪಾಸಣೆಯಿಂದ ಎತ್ತಿ ಮೋರಿ ನೋಡುವ ಕೆಲಸಕ್ಕೆ ಹಾಕಿಸಿದ. ಆ ಥಂಡಿಯಲ್ಲೇ ಅಪ್ಪನ ಎದೆ ಕೆಟ್ಟಿತು.

*

ಕೊಂಡ ಹಾಲನ್ನು ಯಾರು ಬೇಕಾದರೂ ಪರೀಕ್ಷೆಗೆ ಕಳಿಸಬಹುದು. ಪುಕ್ಕಟೆ ಬಂದದ್ದಕ್ಕೆ ಮಾತ್ರ ಕಾನೂನು ಹತ್ತುವುದಿಲ್ಲ. ಹೆಸ್ಟರ್ ಕ್ಯಾನು ಎತ್ತಿಕೊಂಡು ಹೊರಕೋಣೆಗೆ ಬಂದಳು.

"ಪಾಸ್ಕ್ ಸಾಹೇಬ್ರೇ, ಹಾಲಿನ ದುಡ್ಡು ತಗೊಳ್ಳಿ."

"ಅಯ್ಯೋ, ಬಿಡಮ್ಮ."

"ನಮ್ಮಪ್ಪ ಯಾರ ಅಂಗಡೀಲೂ ಪುಕ್ಕಟೆ ಕುಡಿದೋರಲ್ಲ. ಇವತ್ತೂ ಬೇಡ."

ಬಂದವರೆಲ್ಲ ನೋಡುತ್ತಿದ್ದರು. ಪಾಸ್ಕ್ ನಾಣ್ಯವನ್ನು ಜೇಬಿಗೆ ಇಳಿಸಿದ. "ಆಯ್ತು, ಮಾರಿದೆ ಅಂತ್ಲೇ ಇಟ್ಕೋ. ಅಪ್ಪಟ ಹಾಲು."

ಹೆಸ್ಟರ್ ಅಪ್ಪನ ಚರ್ಮದ ಚೀಲ ಬಿಚ್ಚಿ ಮೂರು ಸೀಸೆಗಳನ್ನು ಮೇಜಿನ ಮೇಲಿಟ್ಟಳು. ಈ ಸಲ ಓಡಲಿಲ್ಲ.

"ಈ ಹಾಲನ್ನ ಪರೀಕ್ಷೆಗೆ ಕಳಿಸ್ತೀನಿ. ನಿಮ್ಮೆದುರೇ ಮೂರು ಪಾಲು ಮಾಡ್ತೀನಿ. ಒಂದು ನಿಮಗೆ."

ಯಾರೂ ಚಹಾ ಮುಟ್ಟಲಿಲ್ಲ. ಬಡ್ ಅಜ್ಜಿ ಮೇಣದಬತ್ತಿ ಹಚ್ಚಿ ತಂದು ಹಿಡಿದಳು. ಅದರ ಉರಿಗೆ ಕರಗಿದ ಮೊಹರಿನ ಕೆಂಪು ಅರಗು ಒಂದೊಂದೇ ಹನಿಯಾಗಿ ಮೂರನೆಯ ಸೀಸೆಯ ಬಿರಡೆಯ ಮೇಲೆ ಬಿತ್ತು. ಅದು ಆರುವ ಮೊದಲೇ ಹೆಸ್ಟರ್ ಸೀಸೆಯನ್ನು ಪಾಸ್ಕ್‌ನ ಕೈಗೆ ಕೊಟ್ಟಳು.