ಕುತ್ತಿಗೆಗೆ ಬಂದ ಶಿವ

ಪಾರ್ವತಿಬಾಯಿ ರೊಟ್ಟಿ ಬಡಿಯುತ್ತಿದ್ದಾಗ ದೇವರ ಕೋಣೆಯಿಂದ ಗಂಡನ ಕೂಗು ಕೇಳಿಸಿತು.

“ಪಾರೂ! ಓಡಿ ಬಾ! ಶಿವ ಬಂದಾನ!”

ಬೇಗಂ ಬಜಾರಿನ ಮೆಣಸಿನಕಾಯಿ ವ್ಯಾಪಾರಿ ಕಲ್ಯಾಣಪ್ಪ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ನಡುಗುತ್ತಿದ್ದ. ತಲೆ ಬಾಗಿಸಿದ್ದೇ ತಡ, ಕುತ್ತಿಗೆಯಿಂದ ಬೆನ್ನಗುಂಟ ಝಲ್ಲೆಂದು ಕರೆಂಟು ಹರಿದು ಅಂಗಾಲಿಗೆ ಇಳಿಯಿತಂತೆ. “ಇಷ್ಟ ವರ್ಷ ಪೂಜಾ ಮಾಡಿದ್ದಕ್ಕ ಇವತ್ತ ಒಲದಾನ!”

ಪಾರ್ವತಿಬಾಯಿ ಅವನ ಕುತ್ತಿಗೆ ಮುಟ್ಟಿ ನೋಡಿದಳು. ಅವನ ಕುತ್ತಿಗೆಯ ಗಡ್ಡೆಗೆ ರೇಡಿಯೇಷನ್ ಮುಗಿದು ಮೂರು ತಿಂಗಳಾಗಿತ್ತಷ್ಟೆ. ಬಂದದ್ದು ಶಿವನಲ್ಲ, ಹೋಗಿದ್ದ ಗಡ್ಡೆಯೇ ಎಂದು ಅವಳಿಗೆ ಅನ್ನಿಸಿತು. ಆಸ್ಪತ್ರೆಗೆ ಹೋಗೋಣವೆಂದರೆ ಈ ಮನುಷ್ಯ ಕೇಳಬೇಕಲ್ಲ!

“ಶಿವನ್ನ ಸ್ಕ್ಯಾನ್ ಮಾಡಸ್ತೀಯೇನ?” ಎಂದು ಗದರಿ ಅಂಗಡಿಗೆ ನಡೆದ. ಸಂಜೆಯೊಳಗೆ ಬಜಾರಿಗೆ ಬಜಾರೇ ಸುದ್ದಿ. ಮರುದಿನ ನಾರಾಯಣಗೂಡದಲ್ಲಿದ್ದ ಅವರ ಮನೆಗೆ ಜನ ತೆಂಗಿನಕಾಯಿ ಹಿಡಿದು ಬಂದರು. ಕಾಲಿಗೆ ಬಿದ್ದವರನ್ನು ಎಬ್ಬಿಸಲು ಬಾಗಿದಾಗೆಲ್ಲ ಕರೆಂಟು. ಕಲ್ಯಾಣಪ್ಪನಿಗೆ ಹಿಗ್ಗೋ ಹಿಗ್ಗು.

ಪಾರ್ವತಿಬಾಯಿ ಏನು ಕಡಿಮೆಯೇ? ಅವನು ಅಂಗಡಿಗೆ ಹೊರಟಾಗ ಹೊಸ್ತಿಲಲ್ಲೇ ತಡೆದಳು.

“ಚಪ್ಪಲಿ ಪಟ್ಟಿ ಬಿಚ್ಚೇತಿ, ನೋಡ್ರಿ.”

ಅವನು ಕತ್ತು ಬಗ್ಗಿಸಿದ. ಝಲ್! ಕಂಬ ಹಿಡಿದುಕೊಂಡ.

“ಚಪ್ಪಲಿ ನೋಡಿದ್ರೂ ಶಿವ ಬರ್ತಾನೇನ್ರಿ?”

ಕಲ್ಯಾಣಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಅಂಗಡಿ ಬಿಟ್ಟು ಅವಳ ಜೊತೆ ಆಸ್ಪತ್ರೆಗೆ ಆಟೋ ಹತ್ತಿದ.

ಡಾಕ್ಟರ್ ದೀಪ್ತಿ ಮೈಸೂರಿನವಳು. ಸ್ಕ್ಯಾನ್ ಮಾಡಿಸಿ ನೋಡಿ ನಕ್ಕಳು. “ಗಡ್ಡೆ ಇಲ್ಲ, ಭಯಪಡಬೇಡಿ. ರೇಡಿಯೇಷನ್ ಬೆನ್ನುಹುರಿಗೂ ಸ್ವಲ್ಪ ತಗುಲಿ ನರಗಳ ಮೇಲಿನ ಹೊದಿಕೆ ಸವೆದಿದೆ. ಅದಕ್ಕೇ ಬಗ್ಗಿದರೆ ಶಾಕ್ ಹೊಡೆಯುತ್ತೆ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತೆ. ಆದರೂ ಆಗಾಗ ಬಂದು ತೋರಿಸಿ.”

ಆದರೆ ಪಾರ್ವತಿಬಾಯಿಯ ಜೀವಕ್ಕೆ ಸಮಾಧಾನ ಆಗಬೇಕಲ್ಲ! ದಿನಾ ಪೂಜೆಯ ಹೊತ್ತಿಗೆ ಬಾಗಿಲಲ್ಲಿ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದಳು. ಬೆನ್ನು ಝಲ್ಲೆಂದು ನಡುಗಿದರೆ ಅವಳ ಆ ದಿನ ಹಾಳು. ಅವನೋ, ಡಾಕ್ಟರು ಹೇಳಿದ್ದು ಚಪ್ಪಲಿಯ ಕರೆಂಟಿಗೆ, ಪೂಜೆಯದು ಬೇರೆ ಎಂದು ಹಟ ಹಿಡಿದಿದ್ದ.

ಹೀಗೇ ಕೆಲವು ತಿಂಗಳು ಕಳೆದು, ಶ್ರಾವಣದ ಒಂದು ಬೆಳಿಗ್ಗೆ ಕಲ್ಯಾಣಪ್ಪ ತಲೆ ಬಾಗಿಸಿದ. ಮತ್ತೆ ಬಾಗಿಸಿದ. ಮುಖ ಸಪ್ಪಗಾಯಿತು.

“ಪಾರೂ, ಇವತ್ತ ಶಿವ ಬರಲಿಲ್ಲ.”

“ಇನ್ನೊಮ್ಮೆ ಬಗ್ಗ್ರಿ!”

ಬಗ್ಗಿದ. ಬೆನ್ನು ಅಲುಗಲಿಲ್ಲ. ಪಾರ್ವತಿಬಾಯಿ ಹಿಟ್ಟಿನ ಕೈಯಲ್ಲೇ ಅವನ ಕುತ್ತಿಗೆ ತಬ್ಬಿಕೊಂಡು ಗಳಗಳನೆ ಅತ್ತಳು, ಅಳುತ್ತಲೇ ನಕ್ಕಳು.

“ಬಂದಾನ್ರಿ,” ಎಂದಳು. “ಇವತ್ತ ಬಂದಾನ.”