ಬಂಗಾರಿಯ ಬೆಂಡೆಕಾಯಿ

ಹೊನ್ನನ ತೂಕ ನೋಡಿದ ದಿನ ನನ್ನ ಮರ್ಯಾದೆ ಹೋಯಿತು. ಹೋದದ್ದು ಅಂಗನವಾಡಿಯ ಜಗುಲಿಯಲ್ಲಿ, ಊರಿನ ಹತ್ತು ಹೆಂಗಸರ ಎದುರಿಗೆ.

ಹೊನ್ನ ನನ್ನ ಮೊಮ್ಮಗ. ಎರಡೂವರೆ ವರ್ಷದವನು. ತಕ್ಕಡಿಯ ಚೀಲದಲ್ಲಿ ಕಾಲು ಜೋತು ಬಿಟ್ಟು ಕೂತವನನ್ನು ಅಂಗನವಾಡಿ ನಡೆಸುವ ಮಾದೇವಿ ಅಕ್ಕೋರು ಎರಡೆರಡು ಸಲ ತೂಗಿದರು. ಹತ್ತು ಕಿಲೋ, ಮೇಲೆ ಚೂರು. ಹೋದ ತಿಂಗಳಿಗಿಂತ ಕಡಿಮೆ. ಅವನ ಕಾರ್ಡಿನ ಚುಕ್ಕೆ ಹಸಿರು ಬಿಟ್ಟು ಹಳದಿಗೆ ಇಳಿದು ಬಹಳ ದಿನವಾಗಿತ್ತು. ಈಗ ಕೆಂಪಿನ ಅಂಚಿಗೆ ಬಂದು ನಿಂತಿದೆ ಎಂದರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತವೂ ಕಡಿಮೆ ಎಂದರು.

"ಬಂಗಾರಿ, ಇಡೀ ಕುಮಟೆಗೆ ತರಕಾರಿ ತಿನ್ಸ್ತೆ ನೀನು. ಮನೆ ಪೋರಂಗೆ ಒಂದ್ ಚೂರು ತಿನ್ಸೂಕೆ ಆಗೂದಿಲ್ವಾ?"

ಹೆಂಗಸರು ನಕ್ಕರು. ಅಕ್ಕೋರು ನಗಲಿಲ್ಲ. ಮುಂದಿನ ತಿಂಗಳು ಇನ್ನೂ ಇಳಿದರೆ ತಾಯಿ ಮಗು ಇಬ್ಬರೂ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿ ಇರಬೇಕು, ಬರೆದು ಕಳಿಸುತ್ತೇನೆ ಎಂದರು. ನನ್ನ ಮೈ ಉರಿದುಹೋಯಿತು. ನಮ್ಮೂರು ಕಾಗಾಲದಲ್ಲಿ ನನ್ನಷ್ಟು ಚೆನ್ನಾಗಿ ಬೆಂಡೆ ಬೆಳೆಯುವವರು ಯಾರಿದ್ದಾರೆ? ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತವಳು ನಾನು. ನನ್ನ ಅಂಗಳದ ಕೂಸು ತರಕಾರಿ ಇಲ್ಲದೆ ಬಿಳಿಚಿಕೊಂಡಿದೆ ಎಂದರೆ ಅದು ಯಾರ ತಪ್ಪು? ನನ್ನ ಪ್ರಕಾರ ಅದು ಸೊಸೆ ವೀಣಾಳ ತಪ್ಪು. ಇನ್ಯಾರದ್ದು?

ಮನೆಗೆ ಬಂದವಳೇ ಶುರು ಮಾಡಿದೆ. "ಎಂತ ಅಡಿಗೆ ಮಾಡ್ತೆ ನೀನು? ಗದ್ದೆ ತುಂಬ ಬೆಂಡೆ, ಅಲಸಂಡೆ, ಹರಿವೆ. ಪೋರ ಬರೀ ಅನ್ನ ಮೀನ್ ಸಾರು ತಿಂದ್ಕಂಡು ಅದೆ!"

"ಬಾಯಿಗೆ ಇಟ್ರೆ ಉಗೀತ, ಅತ್ತೆ. ನಾ ಎಂತ ಮಾಡ್ಲಿ?"

"ಉಗುದ್ರೆ ಮತ್ತೆ ಇಡು. ಉಮೇಶಂಗೆ ನಾ ಹಾಂಗೇ ಮಾಡಿ ಬೆಳ್ಸಿದ್ದು."

ಉಮೇಶ ನನ್ನ ಮಗ, ಅವಳ ಗಂಡ. ಅಲ್ಲೇ ಊಟಕ್ಕೆ ಕೂತಿದ್ದ. ತಟ್ಟೆಯಂಚಿಗೆ ಸರಿಸಿಟ್ಟ ಪಲ್ಯವನ್ನು ಕೈಯಲ್ಲಿ ಮರೆಮಾಡಿಕೊಂಡು ಉಂಡ. ಅವನಿಗೂ ಎರಡು ಬೈಗುಳ ಬಿತ್ತು.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಊಟದ ಹೊತ್ತೆಂದರೆ ಜಗಳದ ಹೊತ್ತು. ವೀಣಾ ಹರಿವೆ ಸೊಪ್ಪು ಅರೆದು ದೋಸೆ ಹಿಟ್ಟಿಗೆ ಕಲಸಿದಳು. ಪೋರ ದೋಸೆಯನ್ನೇ ಬಿಟ್ಟ. ಬೆಂಡೆಕಾಯಿಯನ್ನು ಸಣ್ಣಗೆ ಹೆಚ್ಚಿ ಅನ್ನದ ಉಂಡೆಯೊಳಗೆ ಅಡಗಿಸಿದಳು. ಅವನು ನಾಲಿಗೆಯಿಂದಲೇ ಒಂದೊಂದಾಗಿ ಹುಡುಕಿ ಹೊರಗೆ ಹಾಕಿದ. ಕಾಗೆ ತೋರಿಸಿದ್ದಾಯಿತು, ಮೊಬೈಲು ತೋರಿಸಿದ್ದಾಯಿತು. ಕೊನೆಗೊಂದು ದಿನ ನನಗೆ ತಡೆಯಲಿಲ್ಲ. ಅವನನ್ನು ಕಾಲ ಸಂದಿಯಲ್ಲಿ ಅಮುಕಿ ಹಿಡಿದು, ಮೂಗು ಒತ್ತಿ, ಬಾಯಿ ತೆರೆದ ಕೂಡಲೇ ಪಲ್ಯ ತುರುಕಿದೆ. ಅವನು ಅಗಿದ, ಅಗಿದ, ಕಣ್ಣು ಮೇಲೆ ಮಾಡಿದ. ಆಮೇಲೆ ಬೆಳಗಿನ ಗಂಜಿಯನ್ನೂ ಸೇರಿಸಿ ನನ್ನ ಸೀರೆಯ ಮೇಲೆ ವಾಂತಿ ಮಾಡಿದ. ವೀಣಾ ಅವನನ್ನು ಕಸಿದುಕೊಂಡು ಒಳಗೆ ಹೋದಳು. ನಾನು ಸೀರೆ ತೊಳೆಯುತ್ತಾ ಅವಳನ್ನೇ ಬೈದೆ.

ಮಾರನೆಯ ದಿನ ಕುಮಟೆಯಲ್ಲಿ ರಸ್ತೆ ಬದಿ ಬುಟ್ಟಿ ಇಳಿಸಿ ಗೋಣಿ ಹಾಸಿ ಕೂತಿದ್ದೆ. ವಂದನಾ ಅಮ್ಮ ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಆರು ವರ್ಷದಿಂದ ನನ್ನ ಹತ್ತಿರವೇ ಕೊಳ್ಳುವವರು. ಸೊಂಟದಲ್ಲಿ ಮಗಳು ಅರ್ಚಿತಾ. ನಮ್ಮ ಹೊನ್ನನ ವಯಸ್ಸೇ, ಆದರೆ ಅವಳ ಕೆನ್ನೆಗೆ ಸಮವಾಗಲು ಇಬ್ಬರು ಹೊನ್ನರು ಸೇರಬೇಕು. ಅಮ್ಮ ಬೆಂಡೆ ಆರಿಸುತ್ತಿದ್ದಂತೆ ಆ ಹುಡುಗಿ ಇಳಿದು ಬುಟ್ಟಿಯಿಂದ ಒಂದು ಎಳೆ ಬೆಂಡೆ ಎತ್ತಿಕೊಂಡು ಕರಕರನೆ ತಿಂದಳು. ಹಸಿಯದು! ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು.

"ನಿನ್ನ ಬೆಂಡೆ ಅಂದ್ರೆ ಇವ್ಳಿಗೆ ಜೀವ, ಬಂಗಾರಿ. ಬೇರೆಯವ್ರ ಹತ್ರ ತಗಂಡ್ರೆ ಮುಟ್ಟೂದಿಲ್ಲ."

ಅವರು ಹೊಗಳಿದ್ದು. ನನಗೆ ಮಾತ್ರ ಅದು ಹಂಗಿಸಿದ ಹಾಗೆ ಕೇಳಿಸಿತು. ನಾನು ನೀರು ಹೊತ್ತು ಬೆಳೆಸಿದ್ದು ಇವಳ ಕೆನ್ನೆಗೆ, ನನ್ನ ಪೋರನಿಗೆ ಆಸ್ಪತ್ರೆಯ ಮಂಚ. ಸಿಟ್ಟು ನುಂಗಿಕೊಂಡು ಕೇಳಿದೆ, "ನಿಮ್ಮನೆಲ್ಲಿ ಬೆಂಡೆ ಪಲ್ಯಕ್ಕೆ ಎಂತ ಹಾಕ್ತ್ರಿ, ಅಮ್ಮಾ?"

"ಎಂತದೂ ಇಲ್ಲ ಮಾರಾಯ್ತಿ. ಒಗ್ಗರಣೆ, ಉಪ್ಪು, ಚೂರು ಬೆಲ್ಲ. ಎಳೇದಲ್ದಾ, ಅದ್ಕೇ ರುಚಿ."

ನಮ್ಮ ಮನೆಯಲ್ಲೂ ಒಗ್ಗರಣೆ, ಉಪ್ಪು, ಬೆಲ್ಲವೇ. ಅಂದಮೇಲೆ ಕೆಟ್ಟದ್ದು ವೀಣಾಳ ಕೈ ಎಂದು ತೀರ್ಮಾನ ಮಾಡಿಕೊಂಡೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಯಬೇಕಾದ ಮಾತುಗಳನ್ನು ಜೋಡಿಸಿಟ್ಟುಕೊಂಡೆ.

ಮನೆಗೆ ಬಂದವಳು ಕಾಲು ಕೂಡ ತೊಳೆಯದೆ ಒಲೆಯ ಹತ್ತಿರ ಹೋಗಿ ಪಲ್ಯದ ಪಾತ್ರೆ ತೆರೆದೆ. ಒಂದು ಮುಷ್ಟಿ ಬಾಯಿಗೆ ಹಾಕಿದೆ. ನಿಜ ಹೇಳುತ್ತೇನೆ, ನನ್ನ ಮನೆಯ ಬೆಂಡೆ ಪಲ್ಯವನ್ನು ನಾನು ತಿನ್ನದೆ ಎಷ್ಟು ವರ್ಷವಾಗಿತ್ತೋ. ಮಧ್ಯಾಹ್ನ ಕುಮಟೆಯಲ್ಲಿ ಚಾ, ಬನ್ನು. ಸಂಜೆ ಮನೆಯಲ್ಲಿ ಮೀನಿದ್ದರೆ ನನಗೆ ಬೇರೆ ಏನೂ ಬೇಡ. ಅಗಿದೆ. ಉಪ್ಪು ಸರಿ, ಬೆಲ್ಲ ಸರಿ, ಒಗ್ಗರಣೆಯೂ ಸರಿಯಾಗಿತ್ತು. ಆದರೆ ಎಷ್ಟು ಅಗಿದರೂ ಬಾಯೊಳಗೆ ನಾರು ಸುತ್ತಿಕೊಳ್ಳುತ್ತಾ ಹೋಯಿತು. ಕೊನೆಗೆ ಕತ್ತದ ಹಗ್ಗದ ಚೂರಿನಂಥ ಒಂದು ಮುದ್ದೆ ಉಳಿಯಿತು. ಅದನ್ನು ಅಂಗೈಗೆ ಉಗಿದೆ.

"ಇದೆಂತ ಬೆಂಡೆಕಾಯಿಯಾ, ತೆಂಗಿನ ಸಿಪ್ಪೆಯಾ?" ಎಂದು ಕೂಗಿದೆ.

ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ವೀಣಾ ನನ್ನೆದುರು ದನಿ ಎತ್ತಿದ್ದು ಅದೇ ಮೊದಲು.

"ನೀವೇ ಆರ್ಸಿ ಇಟ್ಟದ್ದು, ಅತ್ತೆ! ಎಳೇದೆಲ್ಲ ಬುಟ್ಟಿಗೆ. ಬಲ್ತದ್ದು, ಹುಳ ಬಿದ್ದದ್ದು, ಯಾರಿಗೂ ಬ್ಯಾಡಾದದ್ದು ಒಲೆ ಹತ್ರ. ನಾ ಬಂದಾಗಿಂದ ಒಂದ್ ಎಳೆ ಕಾಯಿ ಹೆಚ್ಚಿದ್ದಿಲ್ಲ ಈ ಮನೆಲ್ಲಿ. ನಿಮ್ಗೆ ಅಗಿಯೂಕೆ ಆಗೂದಿಲ್ಲ, ಹಾಲು ಹಲ್ಲಿನ ಪೋರ ಹ್ಯಾಂಗೆ ಅಗೀತ?"

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಮಾಡುವುದೇ ಹಾಗೆ. ನನ್ನ ಅವ್ವ ಹಾಗೇ ಮಾಡುತ್ತಿದ್ದಳು, ನನ್ನ ಅತ್ತೆಯೂ ಹಾಗೇ. ಉಗುರಿಂದ ತುದಿ ಮುರಿದು ನೋಡುವುದು. ಲಟಕ್ಕೆಂದು ಮುರಿದರೆ ಪೇಟೆಗೆ, ಬಳುಕಿದರೆ ಮನೆಗೆ. ಮನೆಯವರ ಹೊಟ್ಟೆ ಏನು ಕೊಟ್ಟರೂ ತಿನ್ನುತ್ತದೆ, ಗಿರಾಕಿ ತಿನ್ನುವುದಿಲ್ಲ ಎಂಬ ಲೆಕ್ಕ. ಮೂರು ತಲೆಮಾರು ಮನೆಯ ಮಕ್ಕಳಿಗೆ ಕಸ ತಿನ್ನಿಸಿ, ತಿನ್ನದಿದ್ದರೆ ಮೂಗು ಒತ್ತಿದ್ದೇವೆ. ಸಿಟ್ಟು ಎಲ್ಲೂ ಹೋಗಲಿಲ್ಲ. ತಿರುಗಿ ಬಂದು ನನ್ನ ಎದೆಯ ಮೇಲೆಯೇ ಕೂತಿತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಾಯಿ ಕೊಯ್ದು ಜಗುಲಿಯಲ್ಲಿ ರಾಶಿ ಹಾಕಿದೆ. ಹೊನ್ನ ಎದ್ದು ಬಂದು ಕಂಬದ ಹತ್ತಿರ ನಿಂತಿದ್ದ. ರಾಶಿಯಲ್ಲಿ ಎಲ್ಲಕ್ಕಿಂತ ಎಳೆಯದನ್ನು, ಕಿರುಬೆರಳಿನಷ್ಟಿದ್ದದ್ದನ್ನು ಆರಿಸಿ ಅವನ ಮುಂದೆ ಹಿಡಿದೆ.

"ಬಾ ಅಪ್ಪೀ. ತಗಾ. ತಿನ್ನು."

ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಅಡಗಿಸಿಕೊಂಡ.

"ಪ್ಯಾಟೇದು," ಎಂದ. "ಮುಟ್ರೆ ಅಜ್ಜಿ ಹೊಡೀತದೆ."

ಹೊಡೆದದ್ದು ಹೌದು. ಎಷ್ಟು ಸಲ ಎಂದು ನನಗೇ ಗೊತ್ತಿಲ್ಲ. ಅಂಬೆಗಾಲಿಕ್ಕಿ ರಾಶಿಯ ಹತ್ತಿರ ಬರುತ್ತಿದ್ದಾಗಿನಿಂದ ದಿನಾ ಬೆಳಿಗ್ಗೆ, ಇವನ ಕೈ ಬುಟ್ಟಿಯ ಕಡೆ ಚಾಚಿದಾಗಲೆಲ್ಲ ಪಟ್ಟೆಂದು ಕೊಟ್ಟಿದ್ದೇನೆ. ಬಸ್ಸಿನ ಗಡಿಬಿಡಿಯಲ್ಲಿ ಅದು ಹೊಡೆತ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಹಸಿದ ಕೂಸು ಎಳೆ ಬೆಂಡೆಗೆ ಕೈ ಚಾಚಿತ್ತು, ನಾನು ಆ ಕೈಗೇ ಹೊಡೆದೆ. ಆಮೇಲೆ ಇವನು ತರಕಾರಿ ತಿನ್ನುವುದಿಲ್ಲ ಎಂದು ಮನೆಯಿಡೀ ಕೂಗಾಡಿದೆ. ನನ್ನ ಬಲಗೈಯನ್ನು ಒಲೆಗೆ ಇಡಬೇಕು ಅನ್ನಿಸುವಷ್ಟು ಸಿಟ್ಟು ಬಂತು.

"ಹೊಡೂದಿಲ್ಲ ಅಪ್ಪೀ. ಇದು ಪ್ಯಾಟೇದಲ್ಲ. ನಿಂದೇ."

ಅವನು ನಂಬಲಿಲ್ಲ. ಬೆಂಡೆಯನ್ನು ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ. ಹೊರಗೆ ಕುಮಟೆಯ ಬಸ್ಸು ಹಾರನ್ ಹಾಕಿ ನಿಂತು, ಕಾದು, ಹೊರಟುಹೋಯಿತು. ನಾನು ಕಾಯಿಯನ್ನು ನೆಲದ ಮೇಲಿಟ್ಟು, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿ ಹಿಂದೆ ಸರಿದು ಕೂತೆ.

ಬಹಳ ಹೊತ್ತಿನ ಮೇಲೆ ಅವನು ಬಂದು ಅದನ್ನು ಎತ್ತಿಕೊಂಡ. ಓಡಿ ಅಂಗಳಕ್ಕಿಳಿದ. ನನ್ನ ಕೈಗೆ ಸಿಗದಷ್ಟು ದೂರ ಹೋಗಿ, ನನ್ನನ್ನೇ ನೋಡುತ್ತಾ, ಗಬಗಬ ತಿಂದು ಮುಗಿಸಿದ.