ಮೆತ್ತಗಾದ ಅಂಗೈ

ಗುಂಡಪ್ಪನ ಎಡಗೈ ಮುಷ್ಟಿ ಬಿಡಿಸಲು ಲಿಂಗರಾಜ ಮೂರನೇ ಸಲ ಹೆಣಗಿದ. ಬೆರಳುಗಳು ಕದಲಲಿಲ್ಲ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿಯಾಗಿತ್ತು, ಹಣೆಗೆ ವಿಭೂತಿಯೂ ಆಗಿತ್ತು. ಅಂಗೈಯಲ್ಲಿ ಇಷ್ಟಲಿಂಗ ಇಡದೆ ಮಣ್ಣು ಮಾಡುವಂತಿರಲಿಲ್ಲ. ವಡೋದರಾದಲ್ಲಿ ಹುಡುಕಿದರೂ ಒಬ್ಬ ಜಂಗಮ ಸಿಗದೆ ಲಿಂಗರಾಜನೇ ಎಲ್ಲಕ್ಕೂ ಕೈಹಾಕಿದ್ದ. ಸತ್ತವರನ್ನು ಕೂರಿಸುವುದನ್ನು ಎಂದೂ ಕಂಡಿರದ ಗುಜರಾತಿ ನೆರೆಹೊರೆಯವರು ಹೊಸ್ತಿಲಾಚೆಯೇ ನಿಂತುಬಿಟ್ಟಿದ್ದರು.

ಬೆಳಿಗ್ಗೆ ಐದಕ್ಕೆ ಗರಡಿಗೆ ಹೋದ ಗಂಡ ಏಳಕ್ಕೆ ಟಾಂಗಾದಲ್ಲಿ ಹೆಣವಾಗಿ ಬಂದಿದ್ದ. ಇಂದುಮತಿಗೆ ಅಳುವೇ ಬಂದಿರಲಿಲ್ಲ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಏನೂ ಮಾಡಿಲ್ರೀ ಅವರು. ಸುಮ್ನ ಕುಂತಿದ್ರಂತ."

ಹಾಗೆಂದು ಅವಳಿಗೆ ಹೇಳಿದವನು ಲಿಂಗರಾಜ.

*

ಗುಂಡಪ್ಪ, ಲಿಂಗರಾಜ ಇಬ್ಬರೂ ಧಾರವಾಡದ ಕಡೆಯಿಂದ ರೈಲ್ವೆ ನೌಕರಿಗೆ ಬಂದವರು, ಒಂದೇ ಗರಡಿಯಲ್ಲಿ ಬೆವರು ಸುರಿಸಿದವರು. ಭಾರದ ಮರದ ಗದೆಗಳ ಜೋಡಿಯನ್ನು ಗುಂಡಪ್ಪ ನೂರು ಸುತ್ತು ತಿರುವುತ್ತಿದ್ದ. ಅರವತ್ತೈದರ ಯುದ್ಧ ಬಂತು. ಸೂರತ್‌ನಿಂದ ಅಹಮದಾಬಾದ್‌ವರೆಗೆ ಕಂಟ್ರೋಲ್ ಆಫೀಸಿನಲ್ಲಿ ಕೂತು, ಚಾರ್ಟ್ ಬರೆಯುತ್ತಾ ಫೋನಿನಲ್ಲೇ ಗಾಡಿ ಓಡಿಸುವ ಕೆಲಸ ಅವನದು. ಯುದ್ಧ ಮುಗಿದರೂ ಡಬಲ್ ಡ್ಯೂಟಿ ಮುಗಿಯಲಿಲ್ಲ. ಗರಡಿ ಎಲ್ಲಿಗೆ ಓಡಿಹೋಗುತ್ತದೆ, ಓಡಬೇಕಾದದ್ದು ಗಾಡಿ ಎನ್ನುತ್ತಿದ್ದ. ಹೀಗೆ ಗರಡಿ ಬಿಟ್ಟು ಮೂರು ವರ್ಷ ಕಳೆದು ಹೊಟ್ಟೆ ಬಂತು, ಮೆಟ್ಟಿಲೇರಿದರೆ ಏದುಸಿರು ಬಂತು.

ಬಿಟ್ಟು ಮತ್ತೆ ಬಂದವರು ಮೊದಲ ಹತ್ತು ದಿನ ಅಖಾಡದ ಮಣ್ಣು ಅಗೆಯಬೇಕು, ಎಣ್ಣೆ ತಿಕ್ಕಿಸಿಕೊಳ್ಳಬೇಕು, ಭಾರ ಮುಟ್ಟಕೂಡದು. ಇದು ಆ ಗರಡಿಯ ಉಸ್ತಾದ್ ಭಾವುರಾವ್ ಮಾಡಿದ ಕಟ್ಟಳೆ. ಆದರೆ ಇವತ್ತು ಬೆಳಿಗ್ಗೆ, ಗುಂಡಪ್ಪ ಮರಳಿ ಬಂದ ಮೊದಲ ದಿನ, ಉಸ್ತಾದ್ ಇನ್ನೂ ಬಂದಿರಲಿಲ್ಲ. ಗುಂಡಪ್ಪ ಗುದ್ದಲಿಗೆ ಕೈಹಾಕಿದಾಗ ಲಿಂಗರಾಜ ನಕ್ಕು, ಅವನ ಹಳೆಯ ಜೋಡಿಯನ್ನೇ ತಂದು ಮುಂದಿಟ್ಟಿದ್ದ.

"ಆನಿ ಸೊರಗಿದ್ರ ಆಡು ಆಗತೈತೇನಪಾ?"

*

ಕೊನೆಗೆ, ಸುದ್ದಿ ಕೇಳಿ ಮನೆಗೆ ಬಂದಿದ್ದ ಭಾವುರಾವ್ ಹೆಣದ ಮುಂದೆ ಬಂದು ಎಣ್ಣೆ ಕೇಳಿದರು. ಶಿಷ್ಯರ ಮೈ ತಿಕ್ಕುವ ಹಾಗೆಯೇ ಮಣಿಕಟ್ಟಿನಿಂದ ನೀವುತ್ತಾ ಒಂದೊಂದೇ ಬೆರಳು ಬಿಡಿಸಿದರು. ಅಂಗೈ ತೆರೆದುಕೊಂಡಿತು. ನಾಲ್ಕು ಬೆರಳ ಬುಡದಲ್ಲೂ ಬೊಬ್ಬೆ. ಎರಡು ಒಡೆದು ತೊಗಲು ಸುಲಿದು ಕೆಂಪಗಾಗಿದ್ದವು.

ಉಸ್ತಾದರಿಗೆ ಲಿಂಗರಾಜನ ಸುಳ್ಳು ಗೊತ್ತಿರಲಿಲ್ಲ. ಮೊದಲ ದಿನವೇ ಜೋಡಿ ಕೊಟ್ಟವರು ಯಾರೆಂದು ಹಿಂದಿಯಲ್ಲಿ ನೇರವಾಗಿ ಕೇಳಿಬಿಟ್ಟರು: "ಪೆಹಲೇ ದಿನ್ ಜೋಡಿ ಕಿಸನೇ ದೀ?"

ಇಂದುಮತಿ ಗಂಡನ ಕೈಯನ್ನೇ ನೋಡಿದಳು, ಆಮೇಲೆ ಲಿಂಗರಾಜನನ್ನು ನೋಡಿದಳು.

"ನಾ ಕೊಟ್ಟೆ, ವೈನೀ," ಎಂದ. "ಅರವತ್ತು ಸುತ್ತು ತಿರುವಿ ಅಲ್ಲೇ ಬಿದ್ರು."

"ಮೂರು ವರ್ಷ ಪೆನ್ನು ಹಿಡದ ಕೈರೀ ಅದು," ಎಂದಳು ಇಂದುಮತಿ. ದನಿ ಏರಲಿಲ್ಲ. "ಮೆತ್ತಗಾಗಿತ್ತು. ನಿಮಗ ಕಾಣಲಿಲ್ಲೇನು?"

ಅವಳು ಕೈಚಾಚಿ ಲಿಂಗರಾಜನಿಂದ ಲಿಂಗವನ್ನು ಇಸಿದುಕೊಂಡಳು. ಗಂಡನ ಮುಂದೆ ಕುಳಿತು, ಲಿಂಗ ಇಡುವ ಮೊದಲು ಆ ಅಂಗೈಯನ್ನು ತನ್ನ ತುಟಿಯ ಹತ್ತಿರಕ್ಕೆ ತಂದು, ಒಡೆದ ಬೊಬ್ಬೆಗಳ ಮೇಲೆ ಮೆಲ್ಲಗೆ ಉಫ್ ಉಫ್ ಎಂದು ಊದತೊಡಗಿದಳು.